ಮೂರೂವರೆ ವರ್ಷದ ಮಗಳ ಪಾದ ಚಪ್ಪಟೆಯಾಗಿದೆ, ಮಂಡಿಗಳು ತಾಗುತ್ತವೆ: ವಿಶೇಷ ಶೂ ಹಾಕಿಸಲೇಬೇಕೇ?

ಪ್ರಶ್ನೆ: ದಾವಣಗೆರೆಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಮೂರು ವರ್ಷ ಐದು ತಿಂಗಳು. ಕಳೆದ ಕೃಷ್ಣಾಷ್ಟಮಿಯಂದು ನಮ್ಮ ಅತ್ತೆಯವರು ಹೊಸ್ತಿಲಿನಿಂದ ದೇವರ ಮನೆಯವರೆಗೆ ಅಕ್ಕಿ ಹಿಟ್ಟಿನಲ್ಲಿ ಕೃಷ್ಣನ ಹೆಜ್ಜೆಗಳನ್ನು ಬಿಡಿಸುತ್ತಿದ್ದರು. ಮುಷ್ಟಿಯ ಪಕ್ಕವನ್ನು ಹಿಟ್ಟಿನ ನೀರಿನಲ್ಲಿ ಅದ್ದಿ ನೆಲಕ್ಕೆ ಒತ್ತಿದರೆ ನಡುವೆ ಬಳುಕಿದ ಪುಟ್ಟ ಪಾದ ಮೂಡುತ್ತದೆಯಲ್ಲ, ಹಾಗೆ. ಈ ಸಲ ಮನೆಯ ಮಗುವಿನ ಹೆಜ್ಜೆಯೇ ಇರಲಿ ಎಂದು ಮಗಳ ಪಾದಗಳನ್ನು ತಟ್ಟೆಯಲ್ಲಿ ಅದ್ದಿ ಕೆಂಪು ನೆಲದ ಮೇಲೆ ನಡೆಸಿದರು. ಒಣಗಿದ ಮೇಲೆ ನೋಡಿದರೆ ಅತ್ತೆಯವರು ಬಿಡಿಸಿದ ಹೆಜ್ಜೆಗಳ ಒಳಬದಿಯಲ್ಲಿ ಚೆಂದದ ಬಾಗು ಇತ್ತು. ಮಗಳ ಹೆಜ್ಜೆಗಳಲ್ಲಿ ಬಾಗೇ ಇರಲಿಲ್ಲ, ಹಿಮ್ಮಡಿಯಿಂದ ಬೆರಳಿನವರೆಗೆ ಒಂದೇ ಅಗಲದ ಪಟ್ಟಿಯಂತೆ ಮೂಡಿದ್ದವು.

ಅಂದಿನಿಂದ ನನ್ನ ಕಣ್ಣು ಅವಳ ಕಾಲಿನ ಮೇಲೆಯೇ ಇದೆ. ನೇರವಾಗಿ ನಿಲ್ಲಿಸಿದರೆ ಎರಡೂ ಮಂಡಿಗಳು ಒಂದಕ್ಕೊಂದು ತಾಗುತ್ತವೆ, ಪಾದಗಳು ಮಾತ್ರ ದೂರ ಉಳಿಯುತ್ತವೆ. ಚಪ್ಪಲಿಯ ಹಿಮ್ಮಡಿ ಒಳಬದಿಯಲ್ಲಿ ಹೆಚ್ಚು ಸವೆದಿದೆ. ನಮ್ಮೂರಿನ ಅಂಗಡಿಯೊಂದರಲ್ಲಿ ಪಾದ ಪರೀಕ್ಷೆಯ ಉಚಿತ ಶಿಬಿರ ನಡೆದಾಗ ಕರೆದೊಯ್ದೆ. ಅಲ್ಲಿ ಒಂದು ಹಲಗೆಯ ಮೇಲೆ ನಿಲ್ಲಿಸಿ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದರು; ಪಾದದ ನಡುಭಾಗವೆಲ್ಲ ಕೆಂಪಾಗಿತ್ತು. ಆರು ವರ್ಷದೊಳಗೆ ಸರಿಪಡಿಸದಿದ್ದರೆ ಮುಂದೆ ಮಂಡಿ ಮತ್ತು ಬೆನ್ನು ನೋವು ಖಂಡಿತ ಎಂದು ಹೇಳಿ, ಒಳಗೆ ಅಚ್ಚು ಕೂರಿಸಿದ ಶೂಗೆ ₹7,200 ಎಂದರು. ಮಗು ಬೆಳೆದಂತೆ ಆರು ತಿಂಗಳಿಗೊಮ್ಮೆ ಅಚ್ಚು ಬದಲಾಯಿಸಬೇಕಂತೆ. ಗಾಬರಿಯಲ್ಲಿ ₹500 ಮುಂಗಡ ಕೊಟ್ಟು ಬಂದಿದ್ದೇನೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಬಾಣಂತನದಲ್ಲಿ ಎಣ್ಣೆ ಹಚ್ಚಿ ಕಾಲು ನೀವಿ ಎಳೆಯಲು ನಾನು ಬಿಡಲಿಲ್ಲ, ಅದಕ್ಕೇ ಹೀಗಾಯಿತು ಎಂಬುದು ಅತ್ತೆಯವರ ಕೊರಗು. ಪಕ್ಕದ ಮನೆಯವರು ಡೈಪರನ್ನು ದೂರುತ್ತಾರೆ. ಸದಾ ಸೊಂಟದ ಮೇಲೆ ಎತ್ತಿಕೊಂಡಿದ್ದರ ಫಲ ಎನ್ನುತ್ತಾರೆ ನನ್ನ ಯಜಮಾನರು. ಮಗುವಿಗೆ ನೋವಿಲ್ಲ, ಓಡುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ. ಒಂಬತ್ತು ತಿಂಗಳು ತುಂಬಿ ಹುಟ್ಟಿದವಳು, ಹದಿಮೂರನೆಯ ತಿಂಗಳಿಗೆ ನಡೆದಳು. ಶೂ ಹಾಕಿಸುವುದು ಅಗತ್ಯವೇ, ಕಾಯಬಹುದೇ, ಕಾಯುವುದಾದರೆ ಎಲ್ಲಿಯವರೆಗೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಮಕ್ಕಳ ಮೂಳೆವೈದ್ಯ, ಕರಾವಳಿ

ಅಮ್ಮಾ, ಮಗುವನ್ನು ಕಣ್ಣಾರೆ ನೋಡದೆ ಇದು ಇಂಥದ್ದೇ ಎಂದು ಹೇಳಲು ನನ್ನಿಂದಾಗದು. ಆದರೆ ನೀವು ಬರೆದಿರುವ ಒಂದೊಂದು ಮಾತೂ ಮೂರೂವರೆ ವರ್ಷದ ಆರೋಗ್ಯವಂತ ಮಗುವಿನ ಕಾಲಿಗೆ ಹೊಂದುತ್ತದೆ. ಆದ್ದರಿಂದ ಮುಂಗಡ ಹೋದರೆ ಹೋಗಲಿ, ಉಳಿದ ಹಣವನ್ನು ಸದ್ಯಕ್ಕೆ ಕೊಡಬೇಡಿ.

ಮೊದಲು ಮಂಡಿಯ ವಿಷಯ. ಗರ್ಭದಲ್ಲಿ ಮಡಚಿಕೊಂಡು ಮಲಗಿದ್ದ ಕೂಸು ಸೊಟ್ಟಗಾಲಿನಲ್ಲಿಯೇ ಹುಟ್ಟುತ್ತದೆ. ಅಂದರೆ ಪಾದಗಳನ್ನು ಜೋಡಿಸಿದರೆ ಮಂಡಿಗಳ ನಡುವೆ ಸಂದು ಉಳಿಯುತ್ತದೆ. ಒಂದೂವರೆಯಿಂದ ಎರಡು ವರ್ಷದೊಳಗೆ ಈ ಬಾಗು ಹೋಗಿ ಕಾಲು ನೇರವಾಗುತ್ತದೆ. ಆದರೆ ಬೆಳವಣಿಗೆ ಅಲ್ಲಿಗೆ ನಿಲ್ಲುವುದಿಲ್ಲ: ಕಾಲುಗಳು ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ ಸರಿದು, ಮೂರು ನಾಲ್ಕನೆಯ ವಯಸ್ಸಿಗೆ ಮಂಡಿಗಳು ಒಂದಕ್ಕೊಂದು ತಾಗುತ್ತವೆ. ಅಲ್ಲಿಂದ ಮೆಲ್ಲನೆ ಹಿಂದಿರುಗಿ, ಏಳರ ಹೊತ್ತಿಗೆ ದೊಡ್ಡವರಲ್ಲಿ ಇರುವಷ್ಟೇ ಸಣ್ಣ ಓರೆಯಲ್ಲಿ ನಿಲ್ಲುತ್ತವೆ. ಫಿನ್ಲೆಂಡಿನ ವೈದ್ಯರು ಸಾವಿರಕ್ಕೂ ಹೆಚ್ಚು ಮಕ್ಕಳ ಕಾಲುಗಳ ಕೋನವನ್ನು ಅಳೆದು 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕ್ರಮವನ್ನು ಗೆರೆ ಎಳೆದು ತೋರಿಸಿದ್ದಾರೆ, ಇಂದಿಗೂ ನಾವು ಮಕ್ಕಳನ್ನು ಅದರೊಡನೆ ಹೋಲಿಸಿ ನೋಡುತ್ತೇವೆ. ನಿಮ್ಮ ಮಗಳು ಆ ಗೆರೆಯ ತುತ್ತತುದಿಯಲ್ಲಿದ್ದಾಳೆ. ಇದಕ್ಕಿಂತ ಹೆಚ್ಚು ಮಂಡಿ ತಾಗುವ ವಯಸ್ಸು ಬಾಲ್ಯದಲ್ಲಿ ಇನ್ನೊಂದಿಲ್ಲ.

ಇನ್ನು ಪಾದ. ಎಳೆಯ ಮಕ್ಕಳ ಅಂಗಾಲಿನ ಒಳಬದಿಯಲ್ಲಿ ಕೊಬ್ಬಿನ ಮೆತ್ತೆಯೊಂದು ಇರುತ್ತದೆ. ಅದು ಕಮಾನು ಇರಬೇಕಾದ ಜಾಗವನ್ನು ತುಂಬಿಕೊಂಡಿರುತ್ತದೆ. ಜೊತೆಗೆ ಮೂಳೆಗಳನ್ನು ಕಟ್ಟಿ ಹಿಡಿಯುವ ಅಸ್ಥಿರಜ್ಜುಗಳು ಈ ವಯಸ್ಸಿನಲ್ಲಿ ಸಡಿಲ, ಹಾಗಾಗಿ ಮೈಭಾರ ಬಿದ್ದೊಡನೆ ಕಮಾನು ಕುಸಿಯುತ್ತದೆ. ಮಂಡಿಗಳು ಒಳಕ್ಕೆ ವಾಲಿರುವಾಗ ಆ ಭಾರ ಪಾದದ ಒಳ ಅಂಚಿನ ಮೇಲೆಯೇ ಬೀಳುವುದರಿಂದ ಪಾದ ಇನ್ನಷ್ಟು ಚಪ್ಪಟೆಯಾಗಿ ಕಾಣುತ್ತದೆ, ಚಪ್ಪಲಿಯೂ ಅಲ್ಲಿಯೇ ಸವೆಯುತ್ತದೆ. ಅಂದರೆ ನಿಮ್ಮನ್ನು ಹೆದರಿಸಿರುವ ಎರಡು ಸಂಗತಿಗಳು ಬೇರೆ ಬೇರೆಯಲ್ಲ, ಒಂದರ ನೆರಳು ಇನ್ನೊಂದು. ಆಸ್ಟ್ರಿಯಾದಲ್ಲಿ ಮೂರರಿಂದ ಆರು ವರ್ಷದ 835 ಮಕ್ಕಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಮೂರು ವರ್ಷದವರಲ್ಲಿ ಶೇ. 54ರಷ್ಟು ಮಕ್ಕಳ ಪಾದ ಚಪ್ಪಟೆಯಾಗಿತ್ತು. ಆರು ವರ್ಷದವರಲ್ಲಿ ಅದು ಶೇ. 24. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಇರುವ ಲಕ್ಷಣವನ್ನು ಕಾಯಿಲೆ ಎನ್ನುವುದು ಹೇಗೆ? ಆ ಹಲಗೆಯ ಮೇಲಿನ ಕೆಂಪು ಬಣ್ಣ ಸುಳ್ಳಲ್ಲ, ಅದಕ್ಕೆ ಹೇಳಿದ ಅರ್ಥ ತಪ್ಪು. ಶಿಬಿರಕ್ಕೆ ಬಂದ ಮೂರು ವರ್ಷದ ಮಕ್ಕಳಲ್ಲಿ ಹೆಚ್ಚಿನವರ ಪಾದ ಕೆಂಪಾಗಿಯೇ ಕಂಡಿರುತ್ತದೆ.

ಶೂಗಳಿಂದ ಕಮಾನು ಮೂಡುತ್ತದೆಯೇ ಎಂಬುದನ್ನು ಅಮೆರಿಕದ ಡಲ್ಲಾಸ್ ನಗರದಲ್ಲಿ ನೇರವಾಗಿಯೇ ಪರೀಕ್ಷಿಸಿದ್ದಾರೆ. ಆರು ವರ್ಷದೊಳಗಿನ, ಮೆದು ಚಪ್ಪಟೆ ಪಾದದ (ಅಂದರೆ ತುದಿಗಾಲಲ್ಲಿ ನಿಂತಾಗ ಕಮಾನು ಮೂಡುವ ಪಾದದ) ಮಕ್ಕಳನ್ನು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ಏನೂ ಕೊಡದೆ, ಉಳಿದವರಿಗೆ ವಿಶೇಷ ಶೂ, ಹಿಮ್ಮಡಿಯ ಬಟ್ಟಲು ಅಥವಾ ಅಳತೆಗೆ ಮಾಡಿದ ಅಚ್ಚು ಹಾಕಿಸಿ ಮೂರು ವರ್ಷ ನೋಡಿದರು. 1989ರಲ್ಲಿ ಹೊರಬಂದ ಫಲಿತಾಂಶವೆಂದರೆ ಎಲ್ಲ ಗುಂಪುಗಳ ಮಕ್ಕಳ ಪಾದಗಳೂ ಸುಧಾರಿಸಿದ್ದವು, ಏನೂ ಹಾಕದವರದೂ ಸೇರಿದಂತೆ. ಗುಂಪು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಶೂ ಹಾಕಿಸಿದ ತಂದೆತಾಯಿ ಶೂವಿನಿಂದಲೇ ಸರಿಹೋಯಿತು ಎಂದು ಪ್ರಾಮಾಣಿಕವಾಗಿ ನಂಬುವುದು ಈ ಕಾರಣಕ್ಕೇ.

ನಮ್ಮ ನೆಲದಲ್ಲಿಯೇ ನಡೆದ ಕೆಲಸವೂ ಒಂದಿದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆವೈದ್ಯರು ನಾಲ್ಕರಿಂದ ಹದಿಮೂರು ವರ್ಷದ 2,300 ಮಕ್ಕಳ ಹೆಜ್ಜೆ ಗುರುತುಗಳನ್ನು ತೆಗೆದು 1992ರಲ್ಲಿ ಪ್ರಕಟಿಸಿದರು. ನಿಮ್ಮ ಅತ್ತೆಯವರು ಹಿಟ್ಟಿನಲ್ಲಿ ಮಾಡಿದ ಕೆಲಸವೇ ಅದು ಎನ್ನಬಹುದು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲಿನ ಮಕ್ಕಳಲ್ಲಿ ಅದು ಶೇ. 2.8 ಮಾತ್ರ. ಹಾಕುವವರಲ್ಲಿಯೂ ಬೆರಳು ಮುಚ್ಚುವ ಶೂ ಧರಿಸುವವರಲ್ಲಿ ಹೆಚ್ಚು, ಚಪ್ಪಲಿ ಧರಿಸುವವರಲ್ಲಿ ಕಡಿಮೆ. ಶೂವೇ ಪಾದವನ್ನು ಕೆಡಿಸುತ್ತದೆ ಎಂದು ಇಷ್ಟರಿಂದಲೇ ಸಾಧಿಸಿದಂತಾಗುವುದಿಲ್ಲ, ಆದರೆ ಕಮಾನು ಮೂಡಬೇಕಾದ ವಯಸ್ಸಿನಲ್ಲಿ ಪಾದವನ್ನು ದಿನವಿಡೀ ಗಟ್ಟಿ ಅಚ್ಚಿನಲ್ಲಿ ಕೂರಿಸುವ ಮುನ್ನ ಯೋಚಿಸಲು ಅದು ಸಾಕಷ್ಟು ಕಾರಣ. ಮನೆಯಲ್ಲಿ, ಅಂಗಳದಲ್ಲಿ, ಮರಳಿನಲ್ಲಿ, ಹುಲ್ಲಿನ ಮೇಲೆ ಬರಿಗಾಲಲ್ಲಿ ಆಡಲು ಬಿಡಿ.

ಮನೆಯವರ ಮಾತುಗಳ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಕೊಠಡಿಗೆ ಬರುವ ತಾಯಂದಿರು ಮಗುವಿನ ಕಾಲಿಗಿಂತ ಇವುಗಳಿಂದಲೇ ಹೆಚ್ಚು ನೊಂದಿರುತ್ತಾರೆ. ಎಣ್ಣೆ ಹಚ್ಚಿ ಹಗುರವಾಗಿ ನೀವುವುದರಿಂದ ಕೂಸಿಗೆ ಹಿತವಿದೆ, ಅದರಿಂದ ಮೂಳೆಯ ಕೋನ ಬದಲಾಗುವುದಿಲ್ಲ. ಬಿರುಸಾಗಿ ಎಳೆಯುವುದು ಅಪಾಯ. ಕಾಲುಗಳನ್ನು ನೇರ ಜೋಡಿಸಿ ಬಟ್ಟೆಯಲ್ಲಿ ಬಿಗಿದು ಕಟ್ಟುವ ಪದ್ಧತಿಯಂತೂ ಸೊಂಟದ ಕೀಲು ಜಾರಲು ದಾರಿ ಮಾಡಿಕೊಡಬಹುದು. ಡೈಪರಿನಿಂದ ಕಾಲು ಸೊಟ್ಟಗಾಗುವುದಿಲ್ಲ. ಸೊಂಟದ ಮೇಲೆ ಕಾಲು ಅಗಲಿಸಿ ಎತ್ತಿಕೊಳ್ಳುವುದು ಸೊಂಟದ ಕೀಲಿಗೆ ಒಳ್ಳೆಯದೇ ಎಂದು ನಿಮ್ಮ ಯಜಮಾನರಿಗೆ ನನ್ನ ಪರವಾಗಿ ತಿಳಿಸಿ.

ಮನೆಯಲ್ಲಿಯೇ ಎರಡು ಪರೀಕ್ಷೆ ಮಾಡಬಹುದು. ಮಗಳಿಗೆ ಇಷ್ಟವಾದುದನ್ನು ತುಸು ಎತ್ತರದಲ್ಲಿಟ್ಟು, ತುದಿಗಾಲಲ್ಲಿ ನಿಂತು ತೆಗೆದುಕೊಳ್ಳಲು ಹೇಳಿ, ನೀವು ಹಿಂದೆ ಕುಳಿತು ನೋಡಿ. ಹಿಮ್ಮಡಿ ಎತ್ತಿದಾಗ ಕಮಾನು ಎದ್ದು ಕಂಡು, ಹೊರಕ್ಕೆ ವಾಲಿದ್ದ ಹಿಮ್ಮಡಿ ಒಳಕ್ಕೆ ತಿರುಗಿದರೆ ಅದು ಮೆದು ಚಪ್ಪಟೆ ಪಾದ, ಅದಕ್ಕೆ ಚಿಕಿತ್ಸೆ ಬೇಡ. ಎರಡನೆಯದಾಗಿ, ಅಂಗಾತ ಮಲಗಿಸಿ, ಮಂಡಿಚಿಪ್ಪುಗಳು ಮೇಲ್ಮುಖವಾಗಿರುವಂತೆ ಕಾಲು ನೀಡಿಸಿ, ಮಂಡಿಗಳು ತಾಗಿದೊಡನೆ ಎರಡೂ ಕಾಲುಗಳ ಗಿಣ್ಣಿನ ಒಳಬದಿಯ ಉಬ್ಬುಮೂಳೆಗಳ ನಡುವಿನ ಅಂತರವನ್ನು ಅಳೆಯಿರಿ. ಅದು 8 ಸೆಂ.ಮೀ. ಮೀರಿದ್ದರೆ ತೋರಿಸಬೇಕು. ಒಂದು ಅಳತೆಗಿಂತ ಆರು ತಿಂಗಳಿಗೊಮ್ಮೆ ಬರೆದಿಟ್ಟ ಅಳತೆಗಳು ಹೆಚ್ಚು ಹೇಳುತ್ತವೆ.

ಕಾಯಬಾರದ ಮಕ್ಕಳೂ ಇದ್ದಾರೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಒಂದೇ ಕಾಲು ಬಾಗಿದ್ದರೆ ಅಥವಾ ಒಂದು ಇನ್ನೊಂದಕ್ಕಿಂತ ಹೆಚ್ಚು ಬಾಗಿದ್ದರೆ, ಮಗು ಕುಂಟುತ್ತಿದ್ದರೆ, ನೋವೆಂದು ಆಟ ಬಿಟ್ಟು ಕೂರುತ್ತಿದ್ದರೆ, ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲದಿದ್ದರೆ ಕೂಡಲೇ ತೋರಿಸಬೇಕು. ಎರಡು ವರ್ಷ ದಾಟಿದ ಮೇಲೂ ಸೊಟ್ಟಗಾಲು ಉಳಿದು ಹೆಚ್ಚುತ್ತಿದ್ದರೆ, ಅದರಲ್ಲಿಯೂ ಬೇಗ ನಡೆಯಲು ಕಲಿತ ದಪ್ಪ ಮಕ್ಕಳಲ್ಲಿ, ಮಂಡಿಯ ಕೆಳಗೆ ಮೂಳೆಯ ಒಳಬದಿ ಸರಿಯಾಗಿ ಬೆಳೆಯದ ಬ್ಲೌಂಟ್ ಎಂಬ ಕಾಯಿಲೆಯನ್ನು ಎಕ್ಸ್‌ರೇ ತೆಗೆದು ನೋಡಬೇಕಾಗುತ್ತದೆ. ಅಲ್ಲಿ ತಡಮಾಡಿದರೆ ನಷ್ಟ. ತುದಿಗಾಲಲ್ಲಿ ನಿಂತರೂ ಕಮಾನು ಮೂಡದ ಗಡಸು ಪಾದವೂ ಬೇರೆಯೇ ವಿಷಯ. ಹುಟ್ಟಿನಿಂದ ಪಾದದ ಎರಡು ಮೂಳೆಗಳು ಅಂಟಿಕೊಂಡಿರುವ ಮಕ್ಕಳು ಅನೇಕ ಬಾರಿ ಎಂಟು ಹತ್ತು ವರ್ಷ ದಾಟಿದ ಮೇಲಷ್ಟೇ ಪದೇ ಪದೇ ಕಾಲು ಉಳುಕುತ್ತದೆ ಎಂದು ಬರುತ್ತಾರೆ.

ಉತ್ತರ 2: ಬೆಂಗಳೂರಿನ ಒಬ್ಬ ತಂದೆ

ಡಾಕ್ಟರ್ ಕೊನೆಯಲ್ಲಿ ಹೇಳಿದ, ಕಾಯಬಾರದ ಮಕ್ಕಳ ಪೈಕಿ ನನ್ನ ಮಗನೂ ಒಬ್ಬನಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಎರಡು ವರ್ಷ ಎರಡು ತಿಂಗಳಾದರೂ ಅವನ ಕಾಲುಗಳು ಬಿಲ್ಲಿನಂತೆ ಬಾಗಿದ್ದವು, ಮತ್ತು ಹಿಂದಿನ ವರ್ಷದ ಫೋಟೊಗಳಿಗೆ ಹೋಲಿಸಿದರೆ ಬಾಗು ಹೆಚ್ಚಾಗಿತ್ತು. ಬೆಳೆದಂತೆ ಸರಿಹೋಗುತ್ತದೆ ಎಂದು ನಮಗೂ ಎಲ್ಲರೂ ಹೇಳಿದ್ದರು. ಊರಿನಿಂದ ಬಂದ ನನ್ನ ಸೋದರತ್ತೆ ಅವನಿಗೆ ಬಳೆ ತೊಡಿಸಲು ಹೋಗಿ, ಚರ್ಮದ ಒಳಗೆ ಆಗಲೇ ಒಂದು ಬಳೆ ಇದ್ದಂತಿದೆಯಲ್ಲೋ ಎಂದರು. ಮುಟ್ಟಿ ನೋಡಿದರೆ ಮಣಿಕಟ್ಟು ನಿಜವಾಗಿಯೂ ದಪ್ಪಗಿತ್ತು. ಅದು ರಿಕೆಟ್ಸ್, ಅಂದರೆ ವಿಟಮಿನ್ ಡಿ ಅಥವಾ ಕ್ಯಾಲ್ಸಿಯಂ ಕೊರತೆಯಿಂದ ಮೂಳೆ ಮೆದುವಾಗುವ ಕಾಯಿಲೆ, ಎಂದು ಮಣಿಕಟ್ಟು ಮತ್ತು ಮಂಡಿಯ ಎಕ್ಸ್‌ರೇ, ಹಾಗೂ ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್ ಮತ್ತು ವಿಟಮಿನ್ ಡಿ ಪರೀಕ್ಷೆಗಳಿಂದ ಗೊತ್ತಾಯಿತು.

ಇಷ್ಟು ಬಿಸಿಲಿರುವ ನಾಡಿನಲ್ಲಿ ವಿಟಮಿನ್ ಡಿ ಕೊರತೆ ಹೇಗೆ ಎಂದು ನಾನೂ ಕೇಳಿದ್ದೆ. ನಮ್ಮದು ಒಂಬತ್ತನೆಯ ಮಹಡಿ. ಮಗು ಹುಟ್ಟಿದ ಮೊದಲ ವರ್ಷ ಹೊರಗೆ ಹೋದದ್ದು ಲಸಿಕೆಗೆ ಮಾತ್ರ. ಎದೆಹಾಲಿನಲ್ಲಿ ವಿಟಮಿನ್ ಡಿ ಬಹಳ ಕಡಿಮೆ ಇರುತ್ತದೆ, ನನ್ನ ಹೆಂಡತಿಗೇ ಕೊರತೆ ಇತ್ತು, ಮೊದಲ ವರ್ಷ ದಿನಕ್ಕೆ 400 ಯೂನಿಟ್ ಕೊಡಬೇಕಾದ ಹನಿಯನ್ನು ನಾವು ಎರಡನೆಯ ತಿಂಗಳಿಗೇ ನಿಲ್ಲಿಸಿದ್ದೆವು. ವಿಟಮಿನ್ ಡಿ ಜೊತೆಗೆ ಕ್ಯಾಲ್ಸಿಯಂ ಕೊಟ್ಟ ಮೇಲೆ ಮೂರು ತಿಂಗಳಲ್ಲಿ ಎಕ್ಸ್‌ರೇ ಸುಧಾರಿಸಿತು, ಕಾಲು ನೇರವಾಗಲು ಒಂದೂವರೆ ವರ್ಷ ಹಿಡಿಯಿತು. ಶಸ್ತ್ರಚಿಕಿತ್ಸೆಯಾಗಲಿ ಪಟ್ಟಿಯಾಗಲಿ ಬೇಕಾಗಲಿಲ್ಲ.

ಆದರೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯ ಪೊಟ್ಟಣವನ್ನು ದಿನಕ್ಕೊಂದರಂತೆ ಕೊಟ್ಟು, ವಾಂತಿ ಮತ್ತು ನಿರ್ಜಲೀಕರಣದಿಂದ ಮಗುವನ್ನು ಆಸ್ಪತ್ರೆಗೆ ಸೇರಿಸಿದ ದಂಪತಿಯನ್ನು ನಾವು ಮಗನನ್ನು ತೋರಿಸುತ್ತಿದ್ದ ಆಸ್ಪತ್ರೆಯಲ್ಲಿಯೇ ನೋಡಿದೆ. ಕಾಲು ಸೊಟ್ಟಗಿದೆ ಎಂದು ಯಾರೂ ತಾವಾಗಿಯೇ ಅದನ್ನು ಕೊಡಬಾರದು.

ಉತ್ತರ 3: ನಿವೃತ್ತ ಸೈನಿಕ, ಕೊಡಗು

ಚಪ್ಪಟೆ ಪಾದವಿದ್ದರೆ ಸೈನ್ಯಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬ ಮಾತನ್ನು ಕೇಳಿಯೇ ನಮ್ಮ ಕಡೆ ತಂದೆತಾಯಿಗಳು ಮಕ್ಕಳ ಪಾದ ನೋಡುವುದು. ಆ ಮಾತು ಅರ್ಧ ನಿಜ. ಭರ್ತಿಯ ವೈದ್ಯಕೀಯ ನಿಯಮದಲ್ಲಿ, ತುದಿಗಾಲಲ್ಲಿ ನಿಂತಾಗ ಕಮಾನು ಮೂಡುವುದಾದರೆ, ಪಾದ ಮೆದುವಾಗಿ ನೋವಿಲ್ಲದೆ ಇದ್ದು, ಅಭ್ಯರ್ಥಿಯು ತುದಿಗಾಲಲ್ಲಿ ಜಿಗಿಯಲು, ಓಡಲು ಬಲ್ಲವನಾದರೆ ತೆಗೆದುಕೊಳ್ಳುತ್ತಾರೆ. ವೈದ್ಯರು ಮೇಲೆ ಹೇಳಿದ ಪರೀಕ್ಷೆಯನ್ನೇ ನನಗೂ ಮಾಡಿದ್ದರು. ನನ್ನ ಒದ್ದೆ ಪಾದದ ಗುರುತು ಇಂದಿಗೂ ಇಡಿಯಾಗಿಯೇ ಬೀಳುತ್ತದೆ. ಇಪ್ಪತ್ತೆರಡು ವರ್ಷ ಸೇವೆ ಮಾಡಿ ಬಂದೆ. ಮಂಡಿ ತಾಗುವುದರ ಬಗ್ಗೆ ಮಾತ್ರ ಅಲ್ಲಿ ಕಟ್ಟುನಿಟ್ಟು ಹೆಚ್ಚು, ಆದರೆ ಅದು ಹದಿನೆಂಟರ ಹುಡುಗರ ಅಳತೆ, ಮೂರು ವರ್ಷದ ಮಗುವಿನದಲ್ಲ.

ಉತ್ತರ 4: ಶಾಲಾ ಶಿಕ್ಷಕಿ, ಪಾವಗಡ

ನಮ್ಮ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತಿರುವುದೇ. ಹಲ್ಲಿನ ಕಂದು ಕಲೆಯನ್ನು ಮಾತ್ರ ಜನ ಗುರುತಿಸುತ್ತಾರೆ. ಮೂಳೆಗೆ ತಗಲುವುದನ್ನು ಗುರುತಿಸುವುದಿಲ್ಲ. ನೆರೆಯ ಆಂಧ್ರದಲ್ಲಿ ಇಂಥ ನೀರು ಕುಡಿಯುವ ಊರುಗಳಲ್ಲಿ ಮಂಡಿಗಳು ವಿಪರೀತ ಒಳಕ್ಕೆ ಬಾಗಿದ ಹದಿಹರೆಯದವರನ್ನು ವೈದ್ಯರು 1970ರ ದಶಕದಲ್ಲಿಯೇ ವರದಿ ಮಾಡಿದ್ದಾರೆ. ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಫ್ಲೋರೈಡ್ ಸರಿಯಾದ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5 ಎನ್ನುತ್ತದೆ ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ. ನಮ್ಮಂಥ ಊರುಗಳಲ್ಲಿ ಏಳೆಂಟು ವರ್ಷ ದಾಟಿದ ಮೇಲೂ ಮಗುವಿನ ಮಂಡಿ ತಾಗುವುದು ಹೆಚ್ಚುತ್ತಲೇ ಇದ್ದರೆ ನೀರನ್ನು ಪರೀಕ್ಷೆ ಮಾಡಿಸಬೇಕು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದ ಮಕ್ಕಳಿಗೆ ಇದರ ಪೆಟ್ಟು ಹೆಚ್ಚು. ನೂರು ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂಗೂ ಮೀರಿ ಕ್ಯಾಲ್ಸಿಯಂ ಇರುವುದು ನಮ್ಮ ಪುಣ್ಯ, ಆದರೆ ಮಕ್ಕಳ ಬುತ್ತಿಯಲ್ಲಿ ಈಗ ನೂಡಲ್ಸ್ ಕಾಣುತ್ತದೆ, ಮುದ್ದೆ ಕಾಣುವುದಿಲ್ಲ.

ದಾವಣಗೆರೆಯ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಎರಡೂ ಪರೀಕ್ಷೆ ಮಾಡಿದೆ. ಕೊಬ್ಬರಿ ಮಿಠಾಯಿಯ ಡಬ್ಬಿಯನ್ನು ಅಡುಗೆಕಟ್ಟೆಯ ಒಳಅಂಚಿಗೆ ಸರಿಸಿ ಹಿಂದೆ ಕುಳಿತೆ. ಅವಳು ಹಿಮ್ಮಡಿ ಎತ್ತಿ ಕೈ ಚಾಚಿದ ಕೂಡಲೇ, ನೆಲಕ್ಕೆ ಮೆತ್ತಿಕೊಂಡಿದ್ದ ಒಳಅಂಚು ಮೇಲೆದ್ದು, ಪಾದದ ಕೆಳಗೆ ನನ್ನ ಕಿರುಬೆರಳು ತೂರುವಷ್ಟು ಜಾಗವಾಯಿತು. ಹಿಮ್ಮಡಿಗಳೂ ಒಳಕ್ಕೆ ತಿರುಗಿದವು. ಅತ್ತೆಯವರನ್ನೂ ಕರೆದು ತೋರಿಸಿದೆ. ಅವರಿಗಾಗಿ ಮತ್ತೆರಡು ಸಲ ಮಿಠಾಯಿ ಕೊಡಬೇಕಾಯಿತು. ಮಲಗಿಸಿ ಅಳೆದಾಗ ಅಂತರ 4.5 ಸೆಂ.ಮೀ. ಬಂತು. ಮಣಿಕಟ್ಟು ದಪ್ಪವಿಲ್ಲ. ದಿನಾಂಕದೊಡನೆ ಲಸಿಕೆಯ ಕಾರ್ಡಿನ ಹಿಂದೆ ಬರೆದಿಟ್ಟಿದ್ದೇನೆ.

ಒಂದೇ ಒಂದು ಸಂದೇಹ ಉಳಿದಿದೆ. ಜೂನಿನಿಂದ ಎಲ್‌ಕೆಜಿಗೆ ಸೇರಿಸುತ್ತೇವೆ, ಅಲ್ಲಿ ಕಪ್ಪು ಶೂ ಕಡ್ಡಾಯ. ಯಾವ ಬಗೆಯದನ್ನು ಕೊಳ್ಳಬೇಕು? ಇನ್ನೊಂದು, ಅವಳು ಮಂಡಿ ಮಡಚಿ ಪಾದಗಳನ್ನು ಎರಡು ಪಕ್ಕಕ್ಕೆ ಹರಡಿಕೊಂಡು ಕೂರುತ್ತಾಳೆ. ಅದನ್ನು ಬಿಡಿಸಬೇಕೇ?

ಮಕ್ಕಳ ಮೂಳೆವೈದ್ಯ, ಕರಾವಳಿ

4.5 ಸೆಂ.ಮೀ. ಈ ವಯಸ್ಸಿಗೆ ಏನೇನೂ ಹೆಚ್ಚಲ್ಲ. ಮೂರರಿಂದ ಎಂಟು ವರ್ಷದವರೆಗೆ ಅನೇಕ ಮಕ್ಕಳ ತೊಡೆಮೂಳೆ ತುಸು ಒಳಕ್ಕೆ ತಿರುಚಿಕೊಂಡಿರುತ್ತದೆ. ಅಂಥವರಿಗೆ ಚಕ್ಕಳಮಕ್ಕಳ ಕೂರುವುದಕ್ಕಿಂತ ಹಾಗೆ ಕೂರುವುದೇ ಸುಲಭ, ನಡೆಯುವಾಗ ಹೆಬ್ಬೆರಳುಗಳೂ ಒಳಮುಖವಾಗಿರುತ್ತವೆ. ಕೂರುವ ಭಂಗಿಯಿಂದ ತಿರುಚು ಬಂದದ್ದಲ್ಲ, ತಿರುಚು ಇರುವುದರಿಂದ ಆ ಭಂಗಿ. ಹತ್ತು ವರ್ಷದೊಳಗೆ ಬಹುಪಾಲು ತಾನಾಗಿ ಕಡಿಮೆಯಾಗುತ್ತದೆ, ಆದ್ದರಿಂದ ಗದರಿಸುವುದು ಬೇಡ.

ಶಾಲೆಯ ಶೂವನ್ನು ಸಂಜೆ ಹೊತ್ತು, ಕಾಲುಚೀಲ ಹಾಕಿಸಿ, ಮಗುವನ್ನು ನಿಲ್ಲಿಸಿ ಕೊಳ್ಳಿ. ಹೆಬ್ಬೆರಳಿನ ಮುಂದೆ ನಿಮ್ಮ ಒಂದು ಬೆರಳಗಲ ಜಾಗವಿರಲಿ, ಮುಂಭಾಗ ಬೆರಳುಗಳನ್ನು ಒತ್ತದಷ್ಟು ಅಗಲವಿರಲಿ, ಅಟ್ಟೆಯು ಬೆರಳು ಮಡಚುವ ಜಾಗದಲ್ಲಿ ಕೈಯಿಂದ ಸುಲಭವಾಗಿ ಬಾಗಲಿ. ಒಳಗೆ ಉಬ್ಬು ಬೇಡ. ಮನೆಗೆ ಬಂದೊಡನೆ ಬಿಚ್ಚಿಸಿಬಿಡಿ. ನೋವು, ಕುಂಟು, ಎರಡು ಕಾಲುಗಳಲ್ಲಿ ವ್ಯತ್ಯಾಸ ಕಂಡರೆ ಯಾವಾಗಲಾದರೂ ಬನ್ನಿ. ಇಲ್ಲವಾದರೆ ಏಳು ತುಂಬಿದ ಮೇಲೆ ಒಮ್ಮೆ ತೋರಿಸಿದರೆ ಸಾಕು.

ದಾವಣಗೆರೆಯ ತಾಯಿ

ಇಂದು ಅಂಗಡಿಗೆ ಹೋಗಿ ಬೇಡವೆಂದು ಹೇಳಿ ಬಂದೆ. ಅಳತೆ ತೆಗೆದಾಗಿದೆ ಎಂಬ ಕಾರಣಕ್ಕೆ ₹500 ಹಿಂದಿರುಗಿಸಲಿಲ್ಲ. ಬರುವಾಗ ದಾರಿಯಲ್ಲಿ ₹380ಕ್ಕೆ ಬಾಗುವ ಅಟ್ಟೆಯ ಕಪ್ಪು ಶೂ ಸಿಕ್ಕಿತು. ಅಂಗಡಿಯವರ ಮುಂದೆಯೇ ಅಟ್ಟೆಯನ್ನು ಮಡಚಿ ನೋಡಿದ್ದಕ್ಕೆ ಅವರು ಸ್ವಲ್ಪ ಸಿಡುಕಿದರು.